ಕಿರುಸಂದೇಶದ ಬೇಕು-ಬೇಡಗಳು

ಮದುವೆಯ ಮನೆಗೆ ಬಂದ ಅಡಿಗೆಯವರು ಒಲೆ ಹೂಡುವ ಮೊದಲು ಮನೆಯ ಯಜಮಾನರನ್ನು ಕರೆದು ಕೆಲವು ಮಾತು ಕೇಳುವರು. ಊಟಕ್ಕೆ ಎಷ್ಟು ಮಂದಿ? ಎಷ್ಟು ಗಂಟೆಗೆ ಎಲೆ ಹಾಕಬೇಕು? ನೀರುಳ್ಳಿ ಆದೀತೇ, ಆಗದೇ? ಪಾಯಸ ಒಂದು ಬಗೆಯೋ ಎರಡು ಬಗೆಯೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಸಾಮಾನಿನ ಚೀಟಿ ಸಿದ್ಧವಾಗುವುದು. ಯಜಮಾನರು "ಒಳ್ಳೆಯ ಊಟ ಆಗಬೇಕು" ಎಂದಷ್ಟೇ ಹೇಳಿ ಸುಮ್ಮನಾದರೆ ಯಾವ ಅಡಿಗೆಯವರಿಗೂ ಕೆಲಸ ಸಾಗದು. ಒಳ್ಳೆಯದೆಂದರೆ ಏನು, ಎಷ್ಟು, ಯಾವಾಗ ಎಂಬುದು ಮೊದಲು ಗೊತ್ತಾಗಬೇಕು.

ಯಂತ್ರಗಳನ್ನೂ ದೊಡ್ಡ ವ್ಯವಸ್ಥೆಗಳನ್ನೂ ಕಟ್ಟುವ ಇಂಜಿನಿಯರರು ಮಾಡುವ ಮೊದಲ ಕೆಲಸವೂ ಇದೇ. ಕಟ್ಟುವುದಕ್ಕೆ ಮುಂಚೆ ಅದು ಏನು ಮಾಡಬೇಕು, ಏನು ಮಾಡಬಾರದು, ಯಾರಿಗಾಗಿ, ಎಷ್ಟು ಖರ್ಚಿನಲ್ಲಿ ಎಂಬುದನ್ನು ಬರೆದಿಡುವರು. ಈ ಬರಹವನ್ನು ನಾವು "ಬೇಕು-ಬೇಡಗಳ ಪಟ್ಟಿ" ಎಂದು ಕರೆಯೋಣ. ಪಟ್ಟಿ ಚೆನ್ನಾಗಿದ್ದರೆ ವ್ಯವಸ್ಥೆ ಚೆನ್ನಾಗಿರುವುದು. ಪಟ್ಟಿಯಲ್ಲಿ ಯಾರನ್ನಾದರೂ ಮರೆತಿದ್ದರೆ, ಆ ಮರೆವಿನ ಫಲವನ್ನು ಅವರು ಬಹುಕಾಲ ಅನುಭವಿಸಬೇಕಾಗುವುದು. ಈ ಮಾತಿಗೆ ನಿಮ್ಮೆಲ್ಲರ ಮನೆಯಲ್ಲಿರುವ ಮೊಬೈಲ್ ಫೋನಿನ ಎಸ್.ಎಂ.ಎಸ್., ಎಂದರೆ ಕಿರುಸಂದೇಶ, ಒಂದು ಉತ್ತಮ ನಿದರ್ಶನ.

ತಂತಿಯಿಂದ ಕಿರುಸಂದೇಶಕ್ಕೆ

ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿದರೆ ತಂತಿಯ ಕತೆ ಹೇಳುವರು. ತುರ್ತು ಸಮಾಚಾರವಿದ್ದರೆ ಅಂಚೆ ಕಚೇರಿಗೆ ಹೋಗಿ ತಂತಿ ಕೊಡುತ್ತಿದ್ದ ಕಾಲವದು. ಪದವೊಂದಕ್ಕೆ ಇಷ್ಟೆಂದು ದುಡ್ಡು. ಆದುದರಿಂದ ಜನ ಪದಗಳನ್ನು ಎಣಿಸಿ ಎಣಿಸಿ ಬರೆಯುತ್ತಿದ್ದರು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ಕೊನೆಗೊಂಡಿತು. ಅದಕ್ಕೆ ಬಹಳ ಮೊದಲೇ ಅದರ ಕೆಲಸವನ್ನು ಕಿರುಸಂದೇಶ ವಹಿಸಿಕೊಂಡಿತ್ತು.

ಕಿರುಸಂದೇಶ ಹುಟ್ಟಿದ್ದು ಯುರೋಪಿನಲ್ಲಿ. ಅಲ್ಲಿನ ಹಲವು ದೇಶಗಳು ತಮತಮಗೆ ತೋರಿದಂತೆ ಸಂಚಾರಿ ದೂರವಾಣಿಯನ್ನು ಏರ್ಪಡಿಸಿಕೊಂಡಿದ್ದುವು. ಅಂಥ ಒಂದು ದೇಶದ ಫೋನು ಗಡಿ ದಾಟಿದರೆ ಅನೇಕ ವೇಳೆ ನಿರುಪಯೋಗಿ. ಈ ತೊಡಕನ್ನು ನೀಗಲು 1982ರಲ್ಲಿ ಯುರೋಪಿನ ಅಂಚೆ ಮತ್ತು ದೂರವಾಣಿ ಇಲಾಖೆಗಳು ಸೇರಿ ಜಿ.ಎಸ್.ಎಂ. ಎಂಬ ಸಮಿತಿಯನ್ನು ರಚಿಸಿದುವು. ಎಲ್ಲ ದೇಶಗಳಿಗೂ ಒಂದೇ ಬಗೆಯ ಸಂಚಾರಿ ದೂರವಾಣಿಯನ್ನು ಯೋಜಿಸುವುದು ಅದರ ಗುರಿ. ಮಾತನಾಡುವುದರ ಜೊತೆಗೆ ಬರೆದ ಸಂದೇಶವನ್ನೂ ಕಳಿಸುವಂತಾಗಬೇಕೆಂಬ ವಿಚಾರವನ್ನು 1984-85ರಲ್ಲಿ ರೂಪಿಸಿದವರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್, ಫ್ರಾನ್ಸಿನ ಬರ್ನಾರ್ ಗಿಲ್ಲೆಬೇರ್ ಇವರು ಮುಖ್ಯರು. ಮುಂದೆ ಅದರ ತಾಂತ್ರಿಕ ವಿವರಗಳನ್ನು ಬರೆದ ತಂಡಕ್ಕೆ ನಾರ್ವೆಯ ಫಿನ್ ಟ್ರೋಸ್ಬಿ ಮುಖ್ಯಸ್ಥರಾಗಿದ್ದರು.

ಮೊದಲ ಸಂದೇಶ ಹೋದುದು 1992ರ ದಶಂಬರ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪಾಪ್‌ವರ್ತ್ ಎಂಬ ತರುಣ ಇಂಜಿನಿಯರು ಕಂಪ್ಯೂಟರಿನ ಮುಂದೆ ಕುಳಿತು, ವೊಡಾಫೋನ್ ಸಂಸ್ಥೆಯ ರಿಚರ್ಡ್ ಜಾರ್ವಿಸ್ ಎಂಬವರ ಫೋನಿಗೆ ಕ್ರಿಸ್ಮಸ್ ಶುಭಾಶಯ ಕಳಿಸಿದರು. ಪ್ರತಿಯಾಗಿ ಶುಭಾಶಯ ಬರೆಯಲು ಆ ಫೋನಿನಲ್ಲಿ ಅನುಕೂಲವಿರಲಿಲ್ಲ! ನಮ್ಮ ದೇಶದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆ ನಡೆದುದು 1995ರ ಜುಲೈ 31ರಂದು, ಕಲ್ಕತ್ತ ಮತ್ತು ದಿಲ್ಲಿಗಳ ನಡುವೆ.

ಅವರು ಬರೆದ ಪಟ್ಟಿ

ಆ ಸಮಿತಿಯವರ ಮುಂದಿದ್ದ ಬೇಕು-ಬೇಡಗಳು ಯಾವುವು? ಮುಖ್ಯವಾದ ಕೆಲವನ್ನು ನೋಡೋಣ.

ಮೊದಲನೆಯದು: ಇದಕ್ಕಾಗಿ ಹೊಸ ದಾರಿ ಕಟ್ಟಬಾರದು, ಮಾತಿಗೆ ಅಡ್ಡಿಯಾಗಬಾರದು. ಫೋನು ಸುಮ್ಮನಿರುವಾಗಲೂ ಗೋಪುರದೊಡನೆ ಅದರ ಗುಪ್ತ ಸಂಭಾಷಣೆ ನಡೆದೇ ಇರುವುದು. "ನಾನು ಇಲ್ಲಿದ್ದೇನೆ" ಎಂದು ಫೋನು ತಿಳಿಸುವುದು. "ನಿನಗೆ ಕರೆ ಬಂದಿದೆ, ಗಂಟೆ ಬಾರಿಸು" ಎಂದು ಗೋಪುರ ತಿಳಿಸುವುದು. ಈ ಸಂಕೇತಗಳಿಗೆಂದು ಪ್ರತ್ಯೇಕ ದಾರಿಯುಂಟು. ಅದು ಬಹಳ ಹೊತ್ತು ಬರಿದಾಗಿರುವುದು. ಆ ದಾರಿಯಲ್ಲೇ ಸಂದೇಶವನ್ನೂ ಕಳಿಸೋಣ ಎಂದು ನಿಶ್ಚಯಿಸಿದರು. ಹೇಗಿದ್ದರೂ ಊರಿಗೆ ಬರುವ ಬಸ್ಸಿನಲ್ಲಿ ಪತ್ರಿಕೆಯ ಕಟ್ಟನ್ನೂ ಹಾಕಿ ಕಳಿಸಿದಂತೆ. ಮಾತನಾಡುತ್ತಿರುವಾಗಲೇ ಸಂದೇಶ ಬಂದು ಬೀಳುವುದು ಇದರಿಂದಲೇ ಸಾಧ್ಯವಾಯಿತು.

ಎರಡನೆಯದು: ಪಡೆಯುವವನ ಫೋನು ಆರಿಹೋಗಿದ್ದರೂ ಸಂದೇಶ ಕಳೆದುಹೋಗಬಾರದು. ಇದಕ್ಕಾಗಿ ನಡುವೆ ಒಂದು ಸಂದೇಶ ಕೇಂದ್ರವನ್ನು ಇಟ್ಟರು. ನಾವು ಕಳಿಸಿದ ಸಂದೇಶ ಮೊದಲು ಅಲ್ಲಿಗೆ ಹೋಗಿ ದಾಖಲಾಗುವುದು. ಫೋನು ಸಿಕ್ಕಿದರೆ ಕೂಡಲೇ ಮುಟ್ಟಿಸುವುದು. ಸಿಗದಿದ್ದರೆ ಕಾದಿದ್ದು, ಫೋನು ಮತ್ತೆ ಎಚ್ಚೆತ್ತಾಗ ಮುಟ್ಟಿಸುವುದು. ಫೋನಿನ ನೆನಪಿನ ಪೆಟ್ಟಿಗೆ ತುಂಬಿದ್ದರೂ ಹೀಗೆಯೇ. ಜಾಗವಾದಾಗ ಫೋನೇ ಸುದ್ದಿ ಕೊಡುವುದು.

ಮೂರನೆಯದು: ಎಷ್ಟು ಕಾಲ ಕಾಯಬೇಕು? ಕೊನೆಯಿಲ್ಲದೆ ಕಾಯುವಂತಿಲ್ಲ. ಆದುದರಿಂದ ಪ್ರತಿ ಸಂದೇಶಕ್ಕೂ ಒಂದು ವಾಯಿದೆ ಇಡಬಹುದೆಂದರು. ಕನಿಷ್ಠ 5 ನಿಮಿಷ. ಪರಮಾವಧಿ 63 ವಾರ. ವಾಯಿದೆ ಮೀರಿದ ಸಂದೇಶವನ್ನು ಕೇಂದ್ರ ಕಿತ್ತೆಸೆಯಬಹುದು.

ನಾಲ್ಕನೆಯದು: ಮುಟ್ಟಿತೋ ಇಲ್ಲವೋ ಎಂದು ಕಳಿಸಿದವನಿಗೆ ತಿಳಿಯುವ ಅನುಕೂಲವಿರಬೇಕು. ರಿಜಿಸ್ಟರ್ಡ್ ಕಾಗದದ ಮರುರಶೀದಿಯಂತೆ ಇದು.

ಐದನೆಯದು: ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಒಮ್ಮೆಗೇ ಸಾರುವ ವಿಧಾನವೂ ಬೇಕು. ಇದು ಡಂಗುರವಿದ್ದಂತೆ. ಪ್ರವಾಹ, ಬಿರುಗಾಳಿಗಳ ಎಚ್ಚರಿಕೆಗಾಗಿ ಈ ವಿಧಾನವನ್ನು ನಮ್ಮ ದೇಶದಲ್ಲಿ 2023ರಲ್ಲಿ ಹಲವು ರಾಜ್ಯಗಳಲ್ಲಿ ಪರೀಕ್ಷಿಸಿ ನೋಡಿದರು. ಕೈಯಲ್ಲಿದ್ದ ಫೋನು ಒಮ್ಮೆಲೇ ಕೂಗಿಕೊಂಡಾಗ ಬೆಚ್ಚಿಬಿದ್ದವರು ನಮ್ಮಲ್ಲಿಯೂ ಇದ್ದಾರು.

160 ಎಂಬ ಸಂಖ್ಯೆ

ಇನ್ನು ಉಳಿದುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸಂದೇಶ ಎಷ್ಟು ಉದ್ದ ಇರಬಹುದು? ದಾರಿ ಇಕ್ಕಟ್ಟು, ಹೊರೆ ಹಗುರವಾಗಿರಬೇಕು. ಆದರೆ ಮನುಷ್ಯನಿಗೆ ಹೇಳಬೇಕಾದುದನ್ನು ಹೇಳಲು ಸಾಕಾಗಲೂ ಬೇಕು.

1985ರಲ್ಲಿ ಹಿಲ್ಲೆಬ್ರಾಂಡರು ಬಾನ್ ನಗರದ ತಮ್ಮ ಮನೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ತೋಚಿದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಹೊಡೆದು, ಅಕ್ಷರ, ಚಿಹ್ನೆ, ನಡುವಿನ ತೆರವು ಎಲ್ಲವನ್ನೂ ಎಣಿಸಿದರು. ಹೆಚ್ಚುಕಡಿಮೆ ಎಲ್ಲವೂ 160ರ ಒಳಗೇ ಮುಗಿದುವು. ಜನ ಕಾರ್ಡುಗಳಲ್ಲಿ ಬರೆಯುವುದೂ ಅಷ್ಟರೊಳಗೇ ಎಂಬುದು ಕಂಡುಬಂತು. ಟೆಲೆಕ್ಸ್ ಸಂದೇಶಗಳಿಗೆ ಮಿತಿಯೇ ಇರಲಿಲ್ಲ, ಆದರೂ ಅವು ಚಿಕ್ಕವಾಗಿಯೇ ಇದ್ದುವು. 160 ಸಾಕೆಂದು ತೀರ್ಮಾನವಾಯಿತು.

ಈಗ ಸ್ವಲ್ಪ ಗಣಿತ. ಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಇಂಥ ಒಂದು ಅಂಕಿಗೆ ಬಿಟ್ ಎನ್ನುವರು. ಎಂಟು ಬಿಟ್ಟುಗಳಿಗೆ ಒಂದು ಬೈಟ್. ಒಂದು ಸಂದೇಶಕ್ಕೆ ದೊರೆತ ಜಾಗ 140 ಬೈಟ್, ಎಂದರೆ 1120 ಬಿಟ್. ಏಳು ಬಿಟ್ಟುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ 128 ಬಗೆಯ ಗುರುತುಗಳಾಗುವುವು (ಎರಡನ್ನು ಏಳು ಸಲ ಗುಣಿಸಿ ನೋಡಿರಿ). ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆಗಳಿಗೆ ಇಷ್ಟು ಧಾರಾಳ. 1120ನ್ನು 7ರಿಂದ ಭಾಗಿಸಿದರೆ ಸರಿಯಾಗಿ 160.

ಆ 128 ಗುರುತುಗಳ ಪಟ್ಟಿಯನ್ನು ಬಿಚ್ಚಿ ನೋಡಿದರೆ ಒಂದು ವಿಷಯ ಎದ್ದು ಕಾಣುವುದು. ಅದರಲ್ಲಿ ಜರ್ಮನ್, ಸ್ವೀಡಿಷ್, ಸ್ಪ್ಯಾನಿಷ್ ಭಾಷೆಗಳ ವಿಶೇಷ ಅಕ್ಷರಗಳಿವೆ. ಗ್ರೀಕ್ ಭಾಷೆಯ ದೊಡ್ಡ ಅಕ್ಷರಗಳಿಗೂ ಜಾಗವಿದೆ. ಯುರೋಪಿನ ಸಮಿತಿ ತನ್ನ ಜನರ ನುಡಿಗಳನ್ನು ಪಂಕ್ತಿಗೆ ಕೂರಿಸಿತ್ತು. ಕನ್ನಡ ಇಲ್ಲ, ಮಲೆಯಾಳ ಇಲ್ಲ, ಹಿಂದಿ ಇಲ್ಲ. ಇದರಲ್ಲಿ ದ್ವೇಷವೇನೂ ಇಲ್ಲ. ಈ ವ್ಯವಸ್ಥೆ ಮುಂದೆ ಜಗತ್ತಿಗೆಲ್ಲ ಹಬ್ಬುವುದೆಂದು ಪಟ್ಟಿ ಬರೆಯುವಾಗ ಯಾರು ಬಲ್ಲರು? ಆದರೆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಎಲೆ ಹಾಕುವವರಿಲ್ಲ ಎಂಬುದು ಮಾತ್ರ ನಿಜ.

ಕನ್ನಡಕ್ಕೆ 70

ಮುಂದೆ ಜಗತ್ತಿನ ಎಲ್ಲ ಲಿಪಿಗಳಿಗೂ ದಾರಿಮಾಡಿಕೊಡಬೇಕಾಯಿತು. ಅದಕ್ಕೆ ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತ ನೆರವಾಯಿತು. ಇದರಲ್ಲಿ ಪ್ರತಿ ಗುರುತಿಗೂ ಒಂದು ಸಂಖ್ಯೆ. ಸಂದೇಶದಲ್ಲಿ ಆ ಸಂಖ್ಯೆಗೆ 16 ಬಿಟ್ ಬೇಕು. 1120ನ್ನು 16ರಿಂದ ಭಾಗಿಸಿದರೆ 70! ಇಂಗ್ಲಿಷಿಗೆ 160 ಇದ್ದುದು ಕನ್ನಡಕ್ಕೆ 70 ಆಯಿತು. ಇಂಗ್ಲಿಷ್ ಸಂದೇಶದ ನಡುವೆ ಕನ್ನಡದ ಒಂದೇ ಒಂದು ಅಕ್ಷರ ಸೇರಿದರೂ ಸಂದೇಶಕ್ಕೆಲ್ಲ 70ರ ಲೆಕ್ಕವೇ.

ಕಷ್ಟ ಇಷ್ಟಕ್ಕೇ ನಿಲ್ಲದು. ನಾವು ಒಂದು ಅಕ್ಷರವೆಂದು ಎಣಿಸುವುದನ್ನು ಯಂತ್ರ ಒಂದೆಂದು ಎಣಿಸದು. "ಕಾಸರಗೋಡು" ಎಂಬ ಪದದಲ್ಲಿ ನಮಗೆ ಅಕ್ಷರ ಐದು. ಯಂತ್ರವಾದರೋ ಕ, ದೀರ್ಘ, ಸ, ರ, ಗ, ಓಕಾರದ ಗುರುತು, ಡ, ಉಕಾರದ ಗುರುತು ಎಂದು ಬಿಡಿಸಿ ಎಂಟು ಎನ್ನುವುದು. ವ್ಯಾಕರಣದ ತರಗತಿಯಲ್ಲಿ ನಾವು ಮಾಡುವ ವರ್ಣವಿಭಾಗಕ್ಕೆ ಇದು ಹತ್ತಿರದ ನಂಟ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಸ, ವಿರಾಮ, ತ, ವಿರಾಮ, ರ, ಈಕಾರದ ಗುರುತು ಎಂದು ಆರು ಸ್ಥಾನ ಹಿಡಿಯುವುದು. ಒತ್ತಕ್ಷರ ಹೆಚ್ಚಿದಂತೆ ಜಾಗವೂ ಹೆಚ್ಚು ಬೇಕು.

ಇದರ ಫಲವೇನು? ಒಂದು ಪ್ರಯೋಗ ಮಾಡೋಣ. ಮಳೆಗಾಲದಲ್ಲಿ ಶಾಲೆಯಿಂದ ಮನೆಗಳಿಗೆ ಹೀಗೊಂದು ಸಂದೇಶ ಕಳಿಸಬೇಕೆಂದಿಟ್ಟುಕೊಳ್ಳಿರಿ:

ಭಾರಿ ಮಳೆಯ ಕಾರಣ ನಾಳೆ ಶಾಲೆಗೆ ರಜೆ. ಪರೀಕ್ಷೆ ಸೋಮವಾರ ನಡೆಯುವುದು. ಮುಖ್ಯೋಪಾಧ್ಯಾಯರು

ಯಂತ್ರದ ಲೆಕ್ಕದಲ್ಲಿ, ತೆರವು ಮತ್ತು ಚುಕ್ಕೆಗಳನ್ನೂ ಸೇರಿಸಿ, ಇದು 73. ಮಿತಿಗಿಂತ ಮೂರು ಹೆಚ್ಚು. ಆದ್ದರಿಂದ ಇದು ಒಂದು ಸಂದೇಶವಾಗಿ ಹೋಗದು, ಎರಡು ತುಂಡಾಗುವುದು. ಎರಡನ್ನೂ ಮತ್ತೆ ಜೋಡಿಸಲು ಗುರುತಿನ ಚೀಟಿಯೂ ಬೇಕಲ್ಲವೇ? ಅದಕ್ಕೆ 6 ಬೈಟ್ ಹೋಗಿ ಪ್ರತಿ ತುಂಡಿನಲ್ಲಿ ಉಳಿಯುವುದು 67 ಸ್ಥಾನ ಮಾತ್ರ. 300 ಮನೆಗಳಿಗೆ 300 ಸಂದೇಶದ ಬದಲು 600ರ ಲೆಕ್ಕವಾಗುವುದು. ಈಗ ಮೊದಲ "ಭಾರಿ" ಎಂಬ ಪದವನ್ನೂ ಅದರ ಮುಂದಿನ ತೆರವನ್ನೂ ತೆಗೆದುಬಿಡಿರಿ. ಐದು ಕಳೆದು 68 ಉಳಿಯಿತು. ಒಂದೇ ಸಂದೇಶದಲ್ಲಿ ಹಿಡಿಯಿತು. ಅರ್ಥಕ್ಕೂ ಊನವಿಲ್ಲ. ರಜೆ ಕೊಡುವಷ್ಟು ಮಳೆಯೆಂದ ಮೇಲೆ ಅದು ಭಾರಿಯಾಗಿಯೇ ಇರಬೇಕಷ್ಟೆ.

ದೊಡ್ಡ ಸಂಖ್ಯೆಯಲ್ಲಿ ಸಂದೇಶ ಕಳಿಸುವ ಕಚೇರಿಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ದುಡ್ಡು ಉಳಿಸಹೊರಟವರಿಗೆ ಇಂಗ್ಲಿಷನ್ನೇ ಆರಿಸಿಕೊಳ್ಳುವ ಆಸೆ ಹುಟ್ಟುವುದು ಸಹಜ. ಆದರೆ ಕನ್ನಡ ಮಾತ್ರ ಓದಬಲ್ಲ ತಾಯಿಯೊಬ್ಬಳಿಗೆ ಆ ಉಳಿತಾಯದಿಂದ ಏನು ಬಂತು? ಮುಟ್ಟಿದರೂ ತಿಳಿಯದ ಸಂದೇಶ ಮುಟ್ಟದ ಸಂದೇಶಕ್ಕೆ ಸಮಾನ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದರಾಯಿತು ಎನ್ನುವವರೂ ಉಂಟು. ಆಗ ಮಳೆ, ಮಲೆ, ಮಾಲೆ ಮೂರೂ ಒಂದೇ ನಾಲ್ಕು ಅಕ್ಷರಗಳಾಗಿ ಕಾಣುವುವು. ಬಲೆ, ಬಳೆ, ಬಾಳೆಗಳ ಗತಿಯೂ ಅದೇ. ಓದುವವರು ಊಹಿಸಬೇಕಾಗುವುದು. ಊಹೆಗೆ ಎಡೆಕೊಡುವ ಸಂದೇಶ ಒಳ್ಳೆಯ ಸಂದೇಶವಲ್ಲ.

ಹಾಗಾದರೆ ಕನ್ನಡ ಸ್ವಭಾವತಃ ಹೆಚ್ಚು ಜಾಗ ಬೇಡುವ ಭಾಷೆಯೇ? ಇಲ್ಲಿಯೇ ಸ್ವಾರಸ್ಯವಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಪುಟದಲ್ಲಿರುವ ಸ್ಥಾನಗಳೂ 128. ಎಂದರೆ ಏಳೇ ಬಿಟ್ಟುಗಳಲ್ಲಿ ಕನ್ನಡವೂ ಹಿಡಿಯಬಲ್ಲುದು! 16 ಬೇಕಾಗುವುದು ಏಕೆಂದರೆ ಪ್ರತಿ ಅಕ್ಷರವೂ ತನ್ನ ಪೂರ್ಣ ವಿಳಾಸವನ್ನು ಹೊತ್ತು ತಿರುಗುತ್ತಿದೆ. ಒಂದೇ ಮನೆಯೊಳಗೆ ಅಣ್ಣ ತಮ್ಮನನ್ನು ಕರೆಯುವಾಗಲೂ ಹೆಸರಿನೊಡನೆ ಊರು, ಅಂಚೆ, ಜಿಲ್ಲೆಗಳನ್ನೆಲ್ಲ ಹೇಳಿದಂತೆ. "ಈ ಸಂದೇಶ ಕನ್ನಡದ ಪುಟದ್ದು" ಎಂದು ಆರಂಭದಲ್ಲಿ ಒಮ್ಮೆ ಹೇಳಿಬಿಟ್ಟರೆ ಮುಂದೆ ಏಳು ಬಿಟ್ ಸಾಕು. ಈ ಸೂತ್ರವನ್ನೇ ಹಿಡಿದು, ಸಂಚಾರಿ ದೂರವಾಣಿಯ ಅಂತರರಾಷ್ಟ್ರೀಯ ನಿಯಮಗಳಿಗೆ ಮುಂದೆ ಬಂಗಾಳಿ, ಗುಜರಾತಿ, ಹಿಂದಿ, ಕನ್ನಡ, ಮಲೆಯಾಳ, ಒಡಿಯಾ, ಪಂಜಾಬಿ, ತಮಿಳು, ತೆಲುಗು, ಉರ್ದು ಎಂಬ ಹತ್ತು ನುಡಿಗಳ ಪಟ್ಟಿಗಳನ್ನು ಸೇರಿಸಿದರು. ಅವುಗಳ ಪ್ರಕಾರ ಒಂದು ಸಂದೇಶದಲ್ಲಿ 150ಕ್ಕೂ ಮಿಕ್ಕಿ ಗುರುತುಗಳು ಹಿಡಿಯುವುವು. ಆದರೆ ಕಳಿಸುವ ಯಂತ್ರಕ್ಕೂ ಪಡೆಯುವ ಫೋನಿಗೂ ಆ ಪಟ್ಟಿ ತಿಳಿದಿರಬೇಕು. ಇಲ್ಲವಾದರೆ ಅಕ್ಷರಗಳು ಅಸ್ತವ್ಯಸ್ತವಾಗುವುವು. ಆದ್ದರಿಂದ ರೂಢಿಯಲ್ಲಿ 70ರ ಲೆಕ್ಕವೇ ನಡೆದುಬಂದಿದೆ. ಮೊದಲೇ ಪಟ್ಟಿಯಲ್ಲಿ ಇರುವುದಕ್ಕೂ, ತಡವಾಗಿ ಬಂದು ಸೇರಿಕೊಳ್ಳುವುದಕ್ಕೂ ಇರುವ ಅಂತರ ಇದು.

ಮರೆತ ಇನ್ನೊಂದು ಮಾತು

ಆ ಪಟ್ಟಿಯಲ್ಲಿ ಬಲವಾಗಿ ಬರೆಯದೆ ಉಳಿದ ಮತ್ತೊಂದು ವಿಷಯವೆಂದರೆ, ಕಳಿಸಿದವರು ನಿಜವಾಗಿ ಅವರೇ ಹೌದೋ ಎಂಬ ಖಾತರಿ. ಬ್ಯಾಂಕಿನ ರಹಸ್ಯ ಸಂಖ್ಯೆಗಳು ಕಿರುಸಂದೇಶದಲ್ಲಿ ಬರುವುವೆಂದು 1985ರಲ್ಲಿ ಯಾರೂ ಎಣಿಸಿರಲಿಲ್ಲ. ಇಂದು ಅವು ಬರುತ್ತಿವೆ. ಅವುಗಳ ಬೆನ್ನಿಗೆ ಮೋಸಗಾರರೂ ಬಂದಿದ್ದಾರೆ. ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರ ನಿಯಮಗಳ ಮೂಲಕ, ಸಂಸ್ಥೆಗಳು ತಮ್ಮ ಹೆಸರಿನ ಗುರುತನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕೆಂದು ವಿಧಿಸಿತು. ಆದರೂ ಹೆತ್ತವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಬಂದ ರಹಸ್ಯ ಸಂಖ್ಯೆಯನ್ನು ಕೇಳಿದವರು ಯಾರೇ ಆಗಲಿ, ಹೇಳಬಾರದು. ಸಂದೇಶದಲ್ಲಿರುವ ಅಪರಿಚಿತ ಕೊಂಡಿಯನ್ನು ಒತ್ತಬಾರದು. ಓದಲು ತಿಳಿಯದಿದ್ದರೆ ಮನೆಯ ಮಕ್ಕಳಿಂದ ಓದಿಸಿರಿ, ಅಪರಿಚಿತರಿಂದ ಬೇಡ.

ನೀವೇ ಪಟ್ಟಿ ಬರೆಯಿರಿ

ವಿದ್ಯಾರ್ಥಿಗಳೇ, ಈಗ ನಿಮಗೊಂದು ಕೆಲಸ. ನಮ್ಮಂಥ ಒಂದು ಗಡಿನಾಡಿನ ಶಾಲೆ ಎಲ್ಲ ಮನೆಗಳಿಗೂ ಸಂದೇಶ ಕಳಿಸುವ ಏರ್ಪಾಡು ಮಾಡಬೇಕೆಂದಿದೆ. ಬೇಕು-ಬೇಡಗಳ ಪಟ್ಟಿಯನ್ನು ನೀವು ಹೇಗೆ ಬರೆಯುವಿರಿ? ನಾಲ್ಕು ಸೂತ್ರಗಳನ್ನು ಹೇಳುತ್ತೇನೆ.

ಒಂದು, ಅಳೆಯಲು ಬರುವಂತೆ ಬರೆಯಿರಿ. "ಸಂದೇಶ ಬೇಗ ಮುಟ್ಟಬೇಕು" ಎಂದರೆ ಸಾಲದು. "ಜಿಲ್ಲಾಧಿಕಾರಿಗಳು ಮಳೆಯ ರಜೆ ಸಾರಿದ ಅರ್ಧ ಗಂಟೆಯೊಳಗೆ ಎಲ್ಲ ಮನೆಗಳಿಗೂ ಹೊರಡಬೇಕು" ಎಂದರೆ ಆಯಿತೋ ಇಲ್ಲವೋ ಎಂದು ಗಡಿಯಾರ ನೋಡಿ ಹೇಳಬಹುದು.

ಎರಡು, ಒಂದು ಸಾಲಿನಲ್ಲಿ ಒಂದೇ ಬೇಡಿಕೆ ಇರಲಿ. ಎರಡನ್ನು ಬೆರೆಸಿದರೆ ಒಂದು ನೆರವೇರಿದಾಗ ಇನ್ನೊಂದು ಮರೆತುಹೋಗುವುದು.

ಮೂರು, ಏನು ಬೇಕೆಂದು ಹೇಳಿರಿ; ಹೇಗೆ ಮಾಡಬೇಕೆಂಬುದನ್ನು ಮಾಡುವವರಿಗೆ ಬಿಡಿರಿ. ಪಾಯಸ ಬೇಕೆಂದು ಹೇಳುವುದು ಯಜಮಾನರ ಕೆಲಸ. ಯಾವ ಸೌಟಿನಲ್ಲಿ ತಿರುವಬೇಕೆಂಬುದು ಅಡಿಗೆಯವರ ಕೆಲಸ.

ನಾಲ್ಕು, ಕೋಣೆಯಲ್ಲಿ ಇಲ್ಲದವರನ್ನು ನೆನೆಯಿರಿ. ಇದು ಎಲ್ಲಕ್ಕೂ ಮಿಗಿಲು. ತಂದೆ ಕೊಲ್ಲಿ ದೇಶದಲ್ಲಿದ್ದು, ಶಾಲೆಯ ದಾಖಲೆಯಲ್ಲಿ ಅವರ ನಂಬರು ಮಾತ್ರ ಇದ್ದರೆ ಇಲ್ಲಿನ ಮನೆಗೆ ಸುದ್ದಿ ಮುಟ್ಟುವುದು ಹೇಗೆ? ಆದ್ದರಿಂದ ಪ್ರತಿ ಮನೆಗೆ ಎರಡು ನಂಬರು ಬೇಕು. ಇಂಟರ್ನೆಟ್ ಇಲ್ಲದ, ಗುಂಡಿಯೊತ್ತುವ ಹಳೆಯ ಫೋನಿರುವ ಮನೆ? ಅಲ್ಲಿಗೆ ವಾಟ್ಸಾಪ್ ಹೋಗದು, ಕಿರುಸಂದೇಶ ಹೋಗುವುದು. ಗಾಳಿಮಳೆಗೆ ಎರಡು ದಿನ ಕರೆಂಟು ಹೋಗಿ ಫೋನು ಆರಿದ್ದರೆ? ಬುಧವಾರದ ರಜೆಯ ಸುದ್ದಿ ಶುಕ್ರವಾರ ಮುಟ್ಟಿ, ಆ ದಿನ ಮಗು ಮನೆಯಲ್ಲೇ ಉಳಿದೀತು! ಆದ್ದರಿಂದ ಸಂದೇಶದಲ್ಲಿ "ನಾಳೆ" ಎನ್ನದೆ ದಿನಾಂಕ ಬರೆಯಬೇಕು, ವಾಯಿದೆಯನ್ನೂ ಇಡಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಮಲೆಯಾಳವೋ ಆಡಿದರೂ, ಶಾಲೆಯ ಓದು ಕನ್ನಡದಲ್ಲಿ ಎಂಬ ಕಾರಣದಿಂದ ಮಗುವಾದರೂ ಓದಿಹೇಳುವಂತೆ ಕನ್ನಡದಲ್ಲಿ ಬರೆಯಬೇಕು. ಒಬ್ಬ ಹುಡುಗನ ಅಂಕ ಎಲ್ಲರ ಮನೆಗೂ ಹೋಗಬಾರದು. ಇದು ಪಟ್ಟಿಯ "ಬೇಡ" ಎಂಬ ಭಾಗದಲ್ಲಿ ಮೊದಲು ಬರಬೇಕಾದ ಮಾತು.

ಮೇಲೆ ಬರೆದ ಮಾದರಿ ಸಂದೇಶದಲ್ಲಿ "ನಾಳೆ" ಎಂದೇ ಇರುವುದನ್ನು ನಿಮ್ಮಲ್ಲಿ ಕೆಲವರಾದರೂ ಗಮನಿಸಿರಬಹುದು. ಅದನ್ನು ತೆಗೆದು ದಿನಾಂಕ ಹಾಕಿ, ಆದರೂ 70ರ ಒಳಗೆ ಹಿಡಿಯುವಂತೆ ತಿದ್ದಿ ಬರೆಯುವುದು ನಿಮ್ಮ ಮೊದಲ ಅಭ್ಯಾಸ. ಯಂತ್ರದ ಲೆಕ್ಕದಲ್ಲಿ ಎಣಿಸಲು ಮರೆಯಬೇಡಿರಿ.

ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರರಾಗುವಿರಿ, ಕೆಲವರು ಕಚೇರಿಗಳಲ್ಲಿ ಕೂರುವಿರಿ, ಕೆಲವರು ಪಂಚಾಯತಿನ ಸದಸ್ಯರಾಗುವಿರಿ. ಎಲ್ಲಿಯೇ ಇರಿ, ಎಲ್ಲರಿಗಾಗಿ ಒಂದು ಏರ್ಪಾಡನ್ನು ಯೋಜಿಸುವ ಮೇಜಿನ ಬಳಿ ಕೂರುವ ಅವಕಾಶ ಬಂದೇ ಬರುವುದು. ಪಟ್ಟಿ ಮುಗಿಯುವ ಮೊದಲೇ ಬಾಯಿಬಿಟ್ಟು ಹೇಳಿರಿ: ನಮ್ಮ ಮನೆಯ ಹಿರಿಯರು ಓದುವುದು ಕನ್ನಡವನ್ನು, ಅದಕ್ಕೂ ಒಂದು ಸಾಲು ಬರೆದುಕೊಳ್ಳಿ ಎಂದು. ಪಟ್ಟಿ ಬರೆಯುವಾಗ ಒಂದು ಸಾಲು ಸೇರಿಸುವುದು ಸುಲಭ. ಎಲ್ಲ ಕಟ್ಟಿಮುಗಿದ ಮೇಲೆ ಅದಕ್ಕೆ ಜಾಗ ಹುಡುಕುವುದು ಎಷ್ಟು ಕಷ್ಟವೆಂಬುದನ್ನು ಆ 70 ಎಂಬ ಸಂಖ್ಯೆಯೇ ಹೇಳುತ್ತಿದೆ.